18 ಪರ್ಸೆಂಟ್ ಬೂದು: ಕ್ಯಾಮೆರಾದ ಮೀಟರಿಗೊಂದು ಬಹಿರಂಗ ಪತ್ರ

ಪ್ರಿಯ ಮೀಟರೇ,

ಕ್ಯಾಮೆರಾದೊಳಗೆ ಕೂತು ಬೆಳಕು ಅಳೆಯುವ ನಿನಗೆ ಈ ಪತ್ರ. ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ, ಯಾಕೆಂದರೆ ನಿನಗೆ ಹೇಳಬೇಕಾದ್ದನ್ನು ನಿನ್ನನ್ನು ಕೊರಳಿಗೆ ಹಾಕಿಕೊಂಡು ಊರೂರು ತಿರುಗುವ ನಮ್ಮ ಹುಡುಗ ಹುಡುಗಿಯರೂ ಕೇಳಿಸಿಕೊಳ್ಳಬೇಕು. ಮದುವೆ ಮನೆಯಲ್ಲಿ, ಬಯಲಾಟದ ಗದ್ದೆಯಲ್ಲಿ, ರಂಗನತಿಟ್ಟಿನ ದೋಣಿಯಲ್ಲಿ ಅವರು ನಿನ್ನ ಮಾತನ್ನೇ ಕೊನೆಯ ಮಾತೆಂದು ನಂಬುತ್ತಾರೆ. ನೀನು ಸುಳ್ಳು ಹೇಳುವುದಿಲ್ಲ, ಅದು ನನಗೆ ಗೊತ್ತು. ಆದರೆ ನೀನು ಹೇಳುತ್ತಿರುವುದು ಯಾವುದರ ಲೆಕ್ಕ ಎಂದು ಅವರಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ.

ಒಂದು ವಸ್ತುವಿನ ಮೇಲೆ ಎಷ್ಟು ಬೆಳಕು ಬಿದ್ದಿದೆ ಎಂಬುದು ನಿನಗೆ ಕಾಣುವುದಿಲ್ಲ. ಅದರಿಂದ ಹೊರಟು ಲೆನ್ಸಿನೊಳಗೆ ಬಂದಷ್ಟು ಮಾತ್ರ ಕಾಣುತ್ತದೆ. ನೆರಳಿನಲ್ಲಿ ಒಣಗುತ್ತಿರುವ ಬಿಳಿ ಪಂಚೆಯಿಂದಲೂ ಬಿಸಿಲಿಗೆ ಹರಡಿದ ಕರಿ ಕಂಬಳಿಯಿಂದಲೂ ಒಂದೇ ಅಳತೆಯ ಬೆಳಕು ನಿನ್ನತ್ತ ಬರಬಹುದು. ಯಾವುದು ಪಂಚೆ, ಯಾವುದು ಕಂಬಳಿ ಎಂದು ತಿಳಿಯಲು ನಿನಗೆ ದಾರಿಯಿಲ್ಲ. ಹಾಗಾಗಿ ನಿನ್ನನ್ನು ಮಾಡಿದವರು ನಿನ್ನೊಳಗೆ ಒಂದು ಊಹೆ ಇಟ್ಟರು: ಎದುರಿಗಿರುವ ದೃಶ್ಯವನ್ನೆಲ್ಲ ಕಲಸಿದರೆ ಮಧ್ಯಮ ಬೂದು ಬರುತ್ತದೆ. ಬಿದ್ದ ಬೆಳಕಿನಲ್ಲಿ ಸುಮಾರು 18 ಪರ್ಸೆಂಟನ್ನು ವಾಪಸು ಕಳಿಸುವ ಬೂದು. ಫೋಟೋ ಸಾಮಾನಿನ ಅಂಗಡಿಯಲ್ಲಿ ಸಿಗುವ ಗ್ರೇ ಕಾರ್ಡ್ ಎಂದರೆ ಇದೇ ಬಣ್ಣದ ರಟ್ಟು. ಹುಲ್ಲು, ಡಾಂಬರು ರಸ್ತೆ, ಮರದ ತೊಗಟೆ, ಹಳೆಯ ಹೆಂಚು ಬೆರೆತಿರುವ ಸಾಮಾನ್ಯ ದೃಶ್ಯಕ್ಕೆ ಈ ಊಹೆ ಚೆನ್ನಾಗಿಯೇ ಹೊಂದುತ್ತದೆ. ಹೊಂದದಿದ್ದಾಗಲೂ ನೀನು ಅದನ್ನು ಬಿಡುವುದಿಲ್ಲ. ಚೌಕಟ್ಟಿನ ತುಂಬ ಪಂಚೆಯಿದ್ದರೆ ಬೆಳಕು ತಗ್ಗಿಸಿ ಅದನ್ನು ಬೂದು ಮಾಡುತ್ತೀಯ. ಕಂಬಳಿಯಿದ್ದರೆ ಬೆಳಕು ಏರಿಸಿ ಅದನ್ನೂ ಬೂದು ಮಾಡುತ್ತೀಯ.

ಛಾಯಾಗ್ರಾಹಕರ ಜೇಬಿನಲ್ಲಿದ್ದ ನಿನ್ನ ಹಿರಿಯರು ಲೆನ್ಸಿನ ಹಿಂದಕ್ಕೆ ಬಂದು ಕೂತದ್ದು 1960ರ ದಶಕದಲ್ಲಿ. 1963ರಲ್ಲಿ ಟಾಪ್‌ಕಾನ್ ಆರ್‌ಇ ಸೂಪರ್ ಬಂತು, ಮರುವರ್ಷ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್. ಸ್ಪಾಟ್‌ಮ್ಯಾಟಿಕ್‌ನ ಮಾದರಿಯನ್ನು 1960ರಲ್ಲಿ ಮೊದಲು ತೋರಿಸಿದಾಗ ಅದರಲ್ಲಿ ಒಂದು ಚುಕ್ಕೆಯಷ್ಟು ಜಾಗದ ಬೆಳಕನ್ನು ಅಳೆಯುವ ಮೀಟರ್ ಇತ್ತು. ಅಂಗಡಿಗೆ ಬರುವ ಹೊತ್ತಿಗೆ ಅದನ್ನು ತೆಗೆದು, ಇಡೀ ಚೌಕಟ್ಟಿನ ಸರಾಸರಿ ಹಿಡಿಯುವ ಮೀಟರನ್ನು ಹಾಕಿದ್ದರು. ಚುಕ್ಕೆಯನ್ನು ಎಲ್ಲಿಡಬೇಕೆಂದು ಕ್ಯಾಮೆರಾ ಹಿಡಿದವನು ನಿರ್ಧರಿಸಬೇಕು. ಸರಾಸರಿಗೆ ಆ ಉಸಾಬರಿಯಿಲ್ಲ. ಆವತ್ತು ಮಾಡಿದ ಆ ಆಯ್ಕೆಯನ್ನೇ ಇವತ್ತಿಗೂ ಪ್ರತಿ ಹೊಸ ಕ್ಯಾಮೆರಾ ಡಬ್ಬಿ ತೆರೆದ ಕೂಡಲೇ ಮಾಡಿಕೊಂಡಿರುತ್ತದೆ.

ಸರಾಸರಿ ನಿನ್ನ ಕೈಯಲ್ಲಿ ಜಾಣವಾಗುತ್ತ ಬಂತು, ಇಲ್ಲವೆನ್ನುವುದಿಲ್ಲ. 1983ರ ನಿಕಾನ್ ಎಫ್‌ಎ ಚೌಕಟ್ಟನ್ನು 5 ಭಾಗ ಮಾಡಿ, ಒಂದೊಂದನ್ನೂ ಬೇರೆಬೇರೆಯಾಗಿ ಅಳೆದು ತೂಗಿತು. ಇವತ್ತು ನಿಕಾನ್‌ನವರು ಮ್ಯಾಟ್ರಿಕ್ಸ್ ಎನ್ನುವುದು, ಕ್ಯಾನನ್‌ನವರು ಇವ್ಯಾಲ್ಯುಯೇಟಿವ್ ಎನ್ನುವುದು ಅದರ ಸಂತಾನ. 1996ರ ನಿಕಾನ್ ಎಫ್5ರಲ್ಲಿ ನೀನು 1005 ಪಿಕ್ಸೆಲ್‌ಗಳಲ್ಲಿ ಬಣ್ಣವನ್ನೂ ನೋಡತೊಡಗಿದೆ. ಮೂವತ್ತು ಸಾವಿರಕ್ಕೂ ಹೆಚ್ಚು ದೃಶ್ಯಗಳ ಮಾಹಿತಿಯನ್ನು ನಿನಗೆ ಉಣಿಸಿದ್ದಾರೆಂದು ಕಂಪನಿ ಹೇಳಿಕೊಂಡಿತು. ಮೇಲೆ ಬೆಳ್ಳಗಿದ್ದರೆ ಆಕಾಶವಿರಬಹುದು, ಫೋಕಸ್ ಎಲ್ಲಿ ಕೂತಿದೆಯೋ ಅಲ್ಲಿ ಮುಖ್ಯವಾದದ್ದಿರಬಹುದು ಎಂಬಷ್ಟು ವಿವೇಕ ಈಗ ನಿನಗಿದೆ. ಹೊರಾಂಗಣದ ಹಗಲಿನ ಬೆಳಕಿನಲ್ಲಿ, ಯೋಚಿಸಲು ಪುರುಸೊತ್ತಿಲ್ಲದಾಗ ನಾನೂ ಮ್ಯಾಟ್ರಿಕ್ಸ್‌ನಲ್ಲೇ ಇರುತ್ತೇನೆ. ಅದರಿಂದ ನನಗೆ ಅನ್ಯಾಯವಾಗಿಲ್ಲ.

ಅನ್ಯಾಯವಾಗುತ್ತಿರುವುದು ಮುಖಗಳಿಗೆ. ನಮ್ಮ ಮುಖಗಳಿಗೆ. ಈ ಪತ್ರ ಹುಟ್ಟಿದ್ದು ಅದರಿಂದ.

ಒಂದು ಕಲ್ಯಾಣ ಮಂಟಪದೊಳಗೆ ಬಾ. ಧಾರೆಯ ಹೊತ್ತು. ವೇದಿಕೆಯ ಹಿಂದೆ ಬಿಳಿ ಹೂವಿನ ಗೋಡೆ, ಅದರ ಮೇಲೆ ಸುರಿಯುವ ಎಲ್‌ಇಡಿ ಬೆಳಕು. ಕನ್ಯಾದಾನಕ್ಕೆ ಕೂತ ಹುಡುಗಿಯ ತಂದೆ ಬಿಸಿಲಲ್ಲಿ ಬೆಂದ ರೈತ, ನಯವಾದ ಗಾಢ ಕಪ್ಪು ಮೈ. ಮೈಮೇಲೆ ಇಸ್ತ್ರಿ ಮುರಿಯದ ಬಿಳಿ ಪಂಚೆ, ಬಿಳಿ ಶಲ್ಯ. ಮಗಳ ಕೈ ಹಿಡಿದಿದ್ದಾನೆ, ಗಿಂಡಿಯಿಂದ ನೀರು ಬೀಳುತ್ತಿದೆ, ಅವನ ಕೆಳತುಟಿ ಒಂಚೂರು ಒಳಕ್ಕೆ ಸೇರಿದೆ. ಇಡೀ ಮದುವೆಯಲ್ಲಿ ಒಂದೇ ಫೋಟೋ ತೆಗೆಯಬೇಕೆಂದರೆ ಅದು ಇದು. ನಿನ್ನ ಮುಂದಿರುವುದು ಏನು? ಮುಕ್ಕಾಲು ಚೌಕಟ್ಟು ಬಿಳಿ. ನೀನು ನಿಯಮದ ಪ್ರಕಾರ ಬೆಳಕು ತಗ್ಗಿಸುತ್ತೀಯ. ಹೂವಿನ ಗೋಡೆ ಎಸಳೆಸಳಾಗಿ ಬರುತ್ತದೆ, ಶಲ್ಯದ ಜರಿ ಲೆಕ್ಕಹಾಕುವಂತೆ ಬರುತ್ತದೆ. ಆ ಮನುಷ್ಯನ ಮುಖವಿದ್ದ ಜಾಗದಲ್ಲಿ ಕಪ್ಪು ಮಚ್ಚೆ, ಅದರಲ್ಲಿ ಎರಡು ಬಿಳಿ ಚುಕ್ಕೆ. ತುಟಿ ಏನು ಮಾಡುತ್ತಿತ್ತೆಂಬುದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಅದೇ ಮನುಷ್ಯ ಊಟದ ಹಾಲಿನ ಬಾಗಿಲಲ್ಲಿ ಒಬ್ಬನೇ ನಿಂತಾಗ ನಮ್ಮ ಹುಡುಗ ಹತ್ತಿರ ಹೋಗಿ ಮುಖವನ್ನಷ್ಟೇ ಚೌಕಟ್ಟಿನ ತುಂಬ ತುಂಬುತ್ತಾನೆ. ಈಗ ನಿನಗೆ ಕಾಣುವುದೆಲ್ಲ ಗಾಢ ಬಣ್ಣ. ನೀನು ಬೆಳಕು ಏರಿಸಿ ಅದನ್ನು ಬೂದಿಗೆ ಎಳೆಯುತ್ತೀಯ. ಚರ್ಮದ ಹೊಳಪು ಸಾಯುತ್ತದೆ, ಕೆನ್ನೆ ಸುಣ್ಣ ಬಳಿದಂತಾಗುತ್ತದೆ, ಹಣೆಯ ಬೆವರಿನ ಮಿಂಚು ಬಿಳಿ ತೂತಾಗುತ್ತದೆ. ಒಂದೇ ಮುಖ, ಒಂದೇ ಮಧ್ಯಾಹ್ನ. ಒಂದು ಫೋಟೋದಲ್ಲಿ ಮಸಿ, ಇನ್ನೊಂದರಲ್ಲಿ ಬೂದಿ. ಎರಡರಲ್ಲೂ ಅವನಿಲ್ಲ.

ಇದಕ್ಕೆ ನೀನೊಬ್ಬನೇ ಹೊಣೆಯೆಂದು ಹೇಳಲಾರೆ. ನಿನ್ನ ವಂಶದ ಆಚೀಚೆ ಇದೇ ಪಾಠ ನಡೆದುಬಂದಿದೆ. ಕೋಡಕ್ ಕಂಪನಿ ಅಮೆರಿಕದ ಫೋಟೋ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳಲೆಂದು ಕಳಿಸುತ್ತಿದ್ದ ಶರ್ಲಿ ಕಾರ್ಡಿನಲ್ಲಿ ದಶಕಗಟ್ಟಲೆ ಇದ್ದದ್ದು ಬಿಳಿಯ ಹೆಣ್ಣುಮಗಳ ಚಿತ್ರ. ಅವಳ ಮೈಬಣ್ಣ ಸರಿಯಾಗಿ ಬಂದರೆ ಪ್ರಿಂಟ್ ಸರಿ ಎಂದು ಲೆಕ್ಕ. ಕಂದು ಬಣ್ಣದ ಛಾಯೆಗಳನ್ನು ಫಿಲ್ಮು ಸರಿಯಾಗಿ ಹಿಡಿಯುವುದಿಲ್ಲವೆಂದು ದೂರಿದವರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಮಾಡುವವರಿದ್ದರು, ಫಿಲ್ಮನ್ನು ಸುಧಾರಿಸಲು ಅವರ ದೂರೂ ಕಾರಣವಾಯಿತು. ಮನುಷ್ಯರ ಮುಖಕ್ಕಿಂತ ಮೊದಲು ಮರದ ಮೇಜಿನ ಮಾತಿಗೆ ಬೆಲೆ ಬಂತು ಎಂಬುದನ್ನು ಓದಿದಾಗ ನನಗಾದ ಸಂಕಟ ಇನ್ನೂ ಹೋಗಿಲ್ಲ. ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ರೂಪಿಸಿದ ಜೋನ್ ಸಿಸ್ಟಮ್ ನನಗೆ ಬಹಳ ಗೌರವದ್ದು. ಕಪ್ಪಿನಿಂದ ಬಿಳಿಗೆ ಏರುವ ಅದರ ವಲಯಗಳಲ್ಲಿ ನಿನ್ನ ಬೂದು ಐದನೆಯದು. ಮೈಬಣ್ಣವನ್ನು ಆರನೇ ವಲಯದಲ್ಲಿಡು, ಅಂದರೆ ಮೀಟರ್ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡು ಎಂದು ಆ ಪದ್ಧತಿಯ ಪಾಠ. ಅದು ಅವರ ಎದುರಿಗೆ ನಿಂತವರ ಮೈಬಣ್ಣ. ಅದೇ ಪಾಠವನ್ನು ರಾಯಚೂರಿನ ಹೊಲದಲ್ಲಿ ನಿಂತ ಹೆಂಗಸಿಗೆ ಅನ್ವಯಿಸಿದರೆ ಅವಳು ಬೇರೆ ಯಾರೋ ಆಗಿಬಿಡುತ್ತಾಳೆ. ಅವಳು ಐದರಲ್ಲಿರಬಹುದು, ನಾಲ್ಕರಲ್ಲಿರಬಹುದು. ಅದನ್ನು ಅವಳನ್ನು ನೋಡಿಯೇ ಹೇಳಬೇಕು.

ಹಾಗಾದರೆ ನಾವೇನು ಮಾಡಬೇಕು? ನಮ್ಮ ಹುಡುಗರು ಇಲ್ಲಿಂದ ಸ್ವಲ್ಪ ಗಮನವಿಟ್ಟು ಓದಲಿ.

ಮೀಟರೇ, ನಿನಗೆ ಸ್ಪಾಟ್ ಎಂಬ ಮೋಡ್ ಇದೆ. ಫುಲ್‌ಫ್ರೇಮ್ ನಿಕಾನ್ ಬಾಡಿಗಳಲ್ಲಿ ಅದು ಸುಮಾರು 4 ಮಿ.ಮೀ. ವೃತ್ತ, ಇಡೀ ಚೌಕಟ್ಟಿನ 1.5 ಪರ್ಸೆಂಟ್. ಉಳಿದ 98.5 ಪರ್ಸೆಂಟ್ ಲೋಕಕ್ಕೆ ನೀನು ಕಣ್ಣು ಮುಚ್ಚಿಕೊಳ್ಳುತ್ತೀಯ. ಆ ವೃತ್ತವನ್ನು ತಂದೆಯ ಕೆನ್ನೆಯ ಮೇಲಿಟ್ಟರೆ ಹಿಂದಿನ ಹೂವಿನ ಗೋಡೆ ನಿನ್ನ ಲೆಕ್ಕದಿಂದ ಹೊರಗೆ ಹೋಯಿತು. ಇನ್ನು ಉಳಿದದ್ದು ಕೆನ್ನೆಯನ್ನೇ ನೀನು ಬೂದಿಗೆ ಎಳೆಯುವುದು. ಅದಕ್ಕೆ ಎಕ್ಸ್‌ಪೋಷರ್ ಕಾಂಪೆನ್ಸೇಶನ್: ಮೈಬಣ್ಣ ಗಾಢವಾಗಿದ್ದರೆ ಮೈನಸ್ ಅರ್ಧದಿಂದ ಒಂದು ಸ್ಟಾಪಿನವರೆಗೆ, ಗೋಧಿ ಬಣ್ಣವಾದರೆ ಸೊನ್ನೆಯ ಆಸುಪಾಸು, ಬೆಳ್ಳಗಿದ್ದರೆ ಪ್ಲಸ್. ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟಾಗುವುದು ಅಥವಾ ಅರ್ಧವಾಗುವುದು, ಇದನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಹೂವಿನ ಗೋಡೆ ಸ್ವಲ್ಪ ಬಿಳಿಚಿಕೊಂಡು ಹೋದರೆ ಹೋಗಲಿ. ಆ ಗೋಡೆಯನ್ನು ಮಾರನೇ ದಿನ ಇನ್ನೊಂದು ಮದುವೆಗೆ ಕಟ್ಟುತ್ತಾರೆ.

ಸ್ಪಾಟಿನಲ್ಲೂ ಒಂದು ಎಚ್ಚರ ಬೇಕು. ನಿಕಾನ್‌ನಲ್ಲಿ ಈ ವೃತ್ತ ನಾವು ಆರಿಸಿದ ಫೋಕಸ್ ಪಾಯಿಂಟಿನ ಜೊತೆ ಓಡಾಡುತ್ತದೆ. ಆದರೆ ಫೋಕಸ್ಸನ್ನು ಆಟೋ ಏರಿಯಾಕ್ಕೆ ಬಿಟ್ಟರೆ ಮಧ್ಯಕ್ಕೆ ವಾಪಸಾಗುತ್ತದೆ. ಕ್ಯಾನನ್‌ನ ಬಹುಪಾಲು ಬಾಡಿಗಳಲ್ಲಿ ಅದು ಮಧ್ಯ ಬಿಟ್ಟು ಕದಲುವುದೇ ಇಲ್ಲ. ಅಂಥಲ್ಲಿ ಮುಖವನ್ನು ಮಧ್ಯಕ್ಕೆ ತಂದು, ಅಳತೆಯನ್ನು ಹಿಡಿದಿಡುವ ಎಇ ಲಾಕ್ ಗುಂಡಿ ಒತ್ತಿ ಹಿಡಿದು, ಆಮೇಲೆ ಚೌಕಟ್ಟನ್ನು ಬೇಕಾದಂತೆ ಸರಿಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ಮೂಲೆಯಲ್ಲಿರುವ ಅಜ್ಜಿಯ ಮೇಲೆ ಫೋಕಸ್ ಇಟ್ಟು, ಮಧ್ಯದಲ್ಲಿ ಉರಿಯುವ ದೀಪಕ್ಕೆ ಎಕ್ಸ್‌ಪೋಸ್ ಮಾಡಿಕೊಂಡು ಬಂದು, ಸ್ಪಾಟ್ ಮೋಡ್ ಕೆಟ್ಟದ್ದೆಂದು ಬೈಯುವವರು ಎಷ್ಟೋ ಜನ.

ಮುಖ ಮುಖಕ್ಕೂ ಲೆಕ್ಕ ಹಾಕಲು ಪುರುಸೊತ್ತಿಲ್ಲದ ಕಡೆ ಅಂಗೈ ಇದೆ. ಹೊರ ಮೈಬಣ್ಣ ಎಷ್ಟೇ ಬೇರೆಬೇರೆಯಿದ್ದರೂ ಅಂಗೈಯ ಬಣ್ಣ ಮನುಷ್ಯರಿಂದ ಮನುಷ್ಯರಿಗೆ ಅಷ್ಟಾಗಿ ಬದಲಾಗುವುದಿಲ್ಲ, ನಿನ್ನ ಬೂದಿಗಿಂತ ಸುಮಾರು ಒಂದು ಸ್ಟಾಪ್ ತಿಳಿ. ಮಂಟಪದ ಬೆಳಕಿನಲ್ಲಿ ನಮ್ಮದೇ ಅಂಗೈ ಚಾಚಿ, ಸ್ಪಾಟಿನಲ್ಲಿ ಅಳೆದು, ಒಂದು ಸ್ಟಾಪ್ ಕೂಡಿಸಿ, ಮ್ಯಾನ್ಯುವಲ್‌ಗೆ ಹಾಕಿ ಬಿಟ್ಟುಬಿಡಬೇಕು. ಆಮೇಲೆ ಆ ಬೆಳಕಿಗೆ ಬಂದ ಕಪ್ಪು ಮುಖ ಕಪ್ಪಾಗಿ, ಬಿಳಿ ಮುಖ ಬೆಳ್ಳಗೆ, ಗೋಧಿ ಮುಖ ಗೋಧಿಯಾಗಿ ಬರುತ್ತದೆ. ಬಿದ್ದ ಬೆಳಕನ್ನು ಅಳೆಯಲು ನಿನಗೆ ಬಾರದೆ ಹೋದದ್ದನ್ನು ಒಂದು ಅಂಗೈ ತುಂಬಿಕೊಡುತ್ತದೆ. ಬಟ್ಟೆ ಬದಲಾದರೂ ಹಿಂದಿನ ಗೋಡೆ ಬದಲಾದರೂ ಲೆಕ್ಕ ಅಲುಗುವುದಿಲ್ಲ. ಬೆಳಕು ಬದಲಾದಾಗ ಮಾತ್ರ ಮತ್ತೆ ಕೈ ಚಾಚಬೇಕು.

ಸೆಂಟರ್ ವೆಯ್ಟೆಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಕಾನ್‌ನ ಫುಲ್‌ಫ್ರೇಮ್ ಡಿಜಿಟಲ್ ಎಸ್‌ಎಲ್‌ಆರ್‌ಗಳಲ್ಲಿ ನಡುವಿನ 12 ಮಿ.ಮೀ. ವೃತ್ತಕ್ಕೆ 75 ಪರ್ಸೆಂಟ್ ತೂಕ, ಉಳಿದದ್ದಕ್ಕೆ ಕಾಲು ಭಾಗ. ಹಳಬರ ಮೋಡ್. ಏನು ಮಾಡುತ್ತದೆಂದು ಮೊದಲೇ ಊಹಿಸಬಹುದು, ಅದೇ ಅದರ ಗುಣ. ಒಬ್ಬರನ್ನು ನಡುವೆ ನಿಲ್ಲಿಸಿ ತೆಗೆಯುವ ಚಿತ್ರಕ್ಕೆ ಸಾಕು.

ಹಕ್ಕಿ ಪ್ರಾಣಿಗಳ ಹುಡುಗರು ನನ್ನನ್ನು ಕೇಳುವ ಪ್ರಶ್ನೆಯೊಂದಿದೆ: ಬೆಳ್ಳಕ್ಕಿಗೆ ಪ್ಲಸ್ಸಾ, ಮೈನಸ್ಸಾ? ಬಿಳಿ ಕಂಡರೆ ಪ್ಲಸ್ ಎಂದು ಎಲ್ಲೋ ಕೇಳಿ ಬಂದಿರುತ್ತಾರೆ. ರಂಗನತಿಟ್ಟಿನಲ್ಲಿ ದೋಣಿ ನಡುಗಡ್ಡೆಯನ್ನು ಬಳಸಿ ಹೋಗುವಾಗ ಕಪ್ಪು ಬಂಡೆ, ಗಾಢ ಹಸುರಿನ ಮುಂದೆ ಒಂದು ಬೆಳ್ಳಕ್ಕಿ ಕೂತಿರುತ್ತದೆ. ಚೌಕಟ್ಟಿನಲ್ಲಿ ಅದು ಸಣ್ಣದು, ಕತ್ತಲೆಯೇ ಹೆಚ್ಚು. ನೀನು ಮ್ಯಾಟ್ರಿಕ್ಸ್‌ನಲ್ಲಿ ಬೆಳಕು ಏರಿಸಿಬಿಡುತ್ತೀಯ, ಹಕ್ಕಿಯ ಗರಿಗಳು ಕರಗಿ ಬಿಳಿ ಕಾಗದದ ತುಂಡಾಗುತ್ತವೆ. ಅಲ್ಲಿ ಮೈನಸ್ ಬೇಕು. ಅದೇ ಹಕ್ಕಿ ಎದ್ದು ಮೋಡದ ಬೆಳ್ಳನೆಯ ಆಕಾಶಕ್ಕೆ ಹಾರಿತೆನ್ನು, ಈಗ ಚೌಕಟ್ಟೆಲ್ಲ ಬಿಳಿ, ನೀನು ತಗ್ಗಿಸುತ್ತೀಯ, ಹಕ್ಕಿ ಕೊಳೆಯಾಗುತ್ತದೆ. ಅಲ್ಲಿ ಪ್ಲಸ್. ಹಕ್ಕಿ ಬದಲಾಗಲಿಲ್ಲ, ಅದರ ಮೇಲೆ ಬಿದ್ದ ಬೆಳಕೂ ಹೆಚ್ಚುಕಡಿಮೆ ಅದೇ. ಪ್ಲಸ್ ಮೈನಸ್ಸಿನ ಲೆಕ್ಕ ಹಕ್ಕಿಗೆ ಸೇರಿದ್ದಲ್ಲ, ನಿನ್ನ ಮುಂದೆ ಒಟ್ಟು ಹರಡಿರುವುದಕ್ಕೆ ಸೇರಿದ್ದು. ಕಬಿನಿಯ ಹಿನ್ನೀರಿನಲ್ಲಿ ಕಾಟಿಯೊಂದು ಎದುರಿಗೆ ಬಂದು ನಿಂತು ಚೌಕಟ್ಟು ತುಂಬಿದರೆ ಮೈನಸ್ ಹಾಕದೆ ಅದರ ಮೈಯ ಎಣ್ಣೆಗಪ್ಪು ಉಳಿಯುವುದಿಲ್ಲ.

ಇನ್ನು ನಿನ್ನ ಒಡನಾಡಿ ಆಟೋಫೋಕಸ್. ಇದನ್ನು ಅವನಿಗೂ ಓದಿ ಹೇಳು.

ಅವನು ಲೆನ್ಸಿನ ಒಂದು ಬದಿಯಿಂದ ಬಂದ ಬೆಳಕನ್ನೂ ಎದುರು ಬದಿಯಿಂದ ಬಂದ ಬೆಳಕನ್ನೂ ಬೇರೆ ಮಾಡಿ, ಎರಡು ಚಿತ್ರಗಳು ಒಂದರ ಮೇಲೊಂದು ಕೂರುತ್ತವೆಯೇ ಎಂದು ನೋಡುತ್ತಾನೆ. ಕೂರದಿದ್ದರೆ ಯಾವ ಕಡೆಗೆ, ಎಷ್ಟು ತಪ್ಪಿದೆ ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ, ಲೆನ್ಸನ್ನು ಅಷ್ಟು ತಿರುಗಿಸುತ್ತಾನೆ. ಹಳೆಯ ಎಸ್‌ಎಲ್‌ಆರ್‌ಗಳಲ್ಲಿ ಇದಕ್ಕೆ ಕನ್ನಡಿಯ ಕೆಳಗೆ ಬೇರೆ ಸೆನ್ಸರ್ ಇತ್ತು. 2013ರ ಕ್ಯಾನನ್ 70ಡಿ ಬಂದಾಗ ಚಿತ್ರ ಹಿಡಿಯುವ ಪಿಕ್ಸೆಲ್‌ಗಳನ್ನೇ ಎರಡೆರಡಾಗಿ ಸೀಳಿ ಈ ಕೆಲಸಕ್ಕೆ ಹಚ್ಚಿದರು. ವಿಧಾನ ಯಾವುದಾದರೂ ಅವನಿಗೆ ಹಿಡಿದುಕೊಳ್ಳಲು ಒಂದು ಗೆರೆ ಬೇಕು, ಒಂದು ಅಂಚು ಬೇಕು. ನಯವಾದ ಕಪ್ಪು ಕೆನ್ನೆಯ ಮೇಲೆ, ಮಬ್ಬು ಬೆಳಕಿನಲ್ಲಿ ಅಂಚೆಲ್ಲಿದೆ? ಲೆನ್ಸು ಮುಂದಕ್ಕೂ ಹಿಂದಕ್ಕೂ ತಡಕಾಡುತ್ತದೆ, ಅಷ್ಟರಲ್ಲಿ ನಗು ಮುಗಿದಿರುತ್ತದೆ. ಹೀಗೆ ಕಪ್ಪು ಮುಖಕ್ಕೆ ಎರಡನೇ ಸಲ ಅನ್ಯಾಯ. ಪಾಯಿಂಟನ್ನು ಕಣ್ಣಿನ ಬಿಳಿ ಮತ್ತು ಕಪ್ಪು ಸೇರುವಲ್ಲಿ ಇಟ್ಟರೆ ಅವನು ಥಟ್ಟನೆ ಕಚ್ಚಿಕೊಳ್ಳುತ್ತಾನೆ. ಮೂಗುತಿಯ ಹೊಳಪನ್ನೂ ಕಚ್ಚುತ್ತಾನೆ, ಆದರೆ ಅದು ಕಣ್ಣಿಗಿಂತ ಮುಂದಿದೆ. 85 ಮಿ.ಮೀ. ಲೆನ್ಸನ್ನು ಎಫ್1.8ಕ್ಕೆ ತೆರೆದು 2 ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಒಟ್ಟು 6 ಸೆಂ.ಮೀ. ಅಷ್ಟೆ. ಇನ್ನೂ ಹತ್ತಿರ ಹೋದರೆ ಮೂಗುತಿ ಚೂಪಾಗಿ, ಕಣ್ಣು ಮಂಕಾಗಿ ಬರುತ್ತದೆ.

ಅವನ ಮೋಡ್‌ಗಳಲ್ಲಿ ನಿಜವಾಗಿ ಎರಡು ಪ್ರಶ್ನೆಗಳಿವೆ. ಎದುರಿಗಿರುವವರು ಕದಲುತ್ತಾರೆಯೇ? ಎಲ್ಲಿ ನೋಡಬೇಕೆಂದು ನಾನು ಹೇಳಲೇ, ನೀನೇ ಹುಡುಕುತ್ತೀಯಾ? ಮೊದಲನೆಯದಕ್ಕೆ ಉತ್ತರವಾಗಿ ನಿಂತವರಿಗೆ ಎಎಫ್-ಎಸ್, ಕ್ಯಾನನ್‌ನಲ್ಲಿ ಒನ್ ಶಾಟ್. ಕದಲುವವರಿಗೆ ಎಎಫ್-ಸಿ, ಕ್ಯಾನನ್‌ನಲ್ಲಿ ಸರ್ವೊ. ಎರಡನೆಯದಕ್ಕೆ ಒಂದೇ ಪಾಯಿಂಟಿನಿಂದ ಹಿಡಿದು ಇಡೀ ಚೌಕಟ್ಟಿನವರೆಗೆ ಹತ್ತಾರು ಆಯ್ಕೆ. ಈ ಎರಡಕ್ಕೂ ಒಟ್ಟಿಗೆ ಉತ್ತರ ಬೇಕಾಗುವ ಜಾಗವೆಂದರೆ ಯಕ್ಷಗಾನದ ರಂಗಸ್ಥಳ. ಅದಕ್ಕಿಂತ ಒಳ್ಳೆಯ ಪಾಠಶಾಲೆಯನ್ನು ನಾನು ಕಂಡಿಲ್ಲ.

ವೇಷ ಕಟ್ಟುವ ಚೌಕಿಯಿಂದ ಶುರುವಾಗಲಿ. ಬಣ್ಣದ ವೇಷದ ಕಲಾವಿದರು ಕನ್ನಡಿಯ ಮುಂದೆ ಕೂತಿದ್ದಾರೆ. ಅಕ್ಕಿ ಹಿಟ್ಟು, ಸುಣ್ಣ ಕಲಸಿದ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ತೆಗೆದು ಕೆನ್ನೆಯ ಗೆರೆಗುಂಟ ಒಂದೊಂದೇ ಚುಟ್ಟಿ ಇಡುತ್ತಿದ್ದಾರೆ. ಗಂಟೆಗಟ್ಟಲೆ ಕೂತಲ್ಲಿಂದ ಕದಲುವುದಿಲ್ಲ. ಒಂದೇ ಪಾಯಿಂಟ್, ಎಎಫ್-ಎಸ್, ಕಡ್ಡಿಯ ತುದಿ ಕೆನ್ನೆ ಮುಟ್ಟುವ ಜಾಗ. ಅವಸರವಿಲ್ಲ. ರಂಗಸ್ಥಳಕ್ಕೆ ಬಂದ ಮೇಲೆ ಎಲ್ಲ ತಲೆಕೆಳಗು. ಮೊದಲು ತೆರೆ ಬರುತ್ತದೆ, ಇಬ್ಬರು ಹಿಡಿದ ಬಟ್ಟೆಯ ಹಿಂದೆ ವೇಷ ಕುಣಿಯುತ್ತದೆ, ಮೇಲೆ ಕಿರೀಟ ಮಾತ್ರ ಕಾಣುತ್ತದೆ. ಫೋಕಸ್ ತೆರೆಗೆ ಅಂಟಿಕೊಳ್ಳುತ್ತದೆ. ಇಂಥಲ್ಲಿ ಮೆನುವಿನೊಳಗಿನ ಟ್ರ್ಯಾಕಿಂಗ್ ಸೆನ್ಸಿಟಿವಿಟಿ ನೆನಪಾಗಬೇಕು. ನಿಕಾನ್‌ನಲ್ಲಿ ಅದು ಲಾಕ್-ಆನ್. ನಡುವೆ ಏನಾದರೂ ಅಡ್ಡ ಬಂದಾಗ ಎಷ್ಟು ಹೊತ್ತು ಕಾದು ಆಮೇಲೆ ಅದರ ಮೇಲೆ ಹೋಗಬೇಕು ಎಂಬುದನ್ನು ಹೇಳುವ ಜಾಗ ಅದು. ಕಾಯುವ ಹೊತ್ತನ್ನು ಹೆಚ್ಚಿಸಿಟ್ಟರೆ ತೆರೆ ಎಷ್ಟು ಅಲ್ಲಾಡಿದರೂ ಅವನು ಕಿರೀಟ ಬಿಡುವುದಿಲ್ಲ. ಫೋಕಸ್ಸನ್ನು ಶಟರ್ ಗುಂಡಿಯಿಂದ ಬಿಡಿಸಿ ಹಿಂಬದಿಯ ಗುಂಡಿಗೆ ಕಟ್ಟಿಕೊಂಡರೆ ಇನ್ನೂ ಅನುಕೂಲ. ಬೇಕಾದಾಗ ಹೆಬ್ಬೆರಳು ಒತ್ತುವುದು, ಬೇಡವಾದಾಗ ಎತ್ತುವುದು.

ಕಣ್ಣು ಹುಡುಕುವ ಹೊಸ ವಿದ್ಯೆಯನ್ನು ನಾನು ಮೆಚ್ಚುತ್ತೇನೆ. 2019ರಲ್ಲಿ ಸೋನಿ ಪ್ರಾಣಿಗಳ ಕಣ್ಣನ್ನೂ ಗುರುತಿಸುವಂತೆ ಮಾಡಿತು, ಮರುವರ್ಷ ಬಂದ ಕ್ಯಾನನ್ ಆರ್5 ಹಕ್ಕಿಯ ಕಣ್ಣನ್ನೂ ಗುರುತಿಸಿತು. ಎಷ್ಟೋ ಮದುವೆಗಳಲ್ಲಿ, ಎಷ್ಟೋ ಕಾಡುಗಳಲ್ಲಿ ಅದು ಚಿತ್ರ ಉಳಿಸಿದೆ. ಆದರೆ ರಾವಣನ ಮುಖದಲ್ಲಿ ಎರಡು ಕಣ್ಣು, ಒಂದು ಮೂಗು, ಒಂದು ಬಾಯಿ ಎಂದು ಅದು ಕಲಿತ ಮುಖವೇ ಇರುವುದಿಲ್ಲ. ಕೆಂಪು, ಕಪ್ಪು, ಬಿಳಿಯ ಗೆರೆಗಳು ಮನುಷ್ಯನ ಮುಖವನ್ನು ಪೂರ್ತಿ ಅಳಿಸಿ ಬೇರೊಂದನ್ನು ಬರೆದಿವೆ. ನೋಡುವವರಲ್ಲಿ ಭಯ ಹುಟ್ಟಲಿ ಎಂದೇ ಹಿರಿಯರು ಹಾಗೆ ಬರೆದದ್ದು. ಕ್ಯಾಮೆರಾ ಅವನನ್ನು ಬಿಟ್ಟು ಹಿಂದೆ ಕೂತ ಭಾಗವತರ ಸಾದಾ ಮುಖಕ್ಕೆ ಚೌಕ ಕಟ್ಟುತ್ತದೆ. ರಾವಣ ಮಂಜಾಗುತ್ತಾನೆ, ಭಾಗವತರ ಮುಂಡಾಸು ನಿಚ್ಚಳವಾಗುತ್ತದೆ. ಅಂಥ ಹೊತ್ತಿನಲ್ಲಿ ಕಣ್ಣು ಹುಡುಕುವುದನ್ನು ನಿಲ್ಲಿಸಿ, ಸಣ್ಣ ಜೋನ್ ಆರಿಸಿ, ಚುಟ್ಟಿಯ ಬಿಳಿಯ ಮೇಲೆ ನಾವೇ ಇಡಬೇಕು. ಆಟೋಫೋಕಸ್ಸಿಗೆ ಬೇಕಾದ ಅಂಚು ಅಲ್ಲಿ ಬೇಕಾದಷ್ಟಿದೆ.

ಮತ್ತೆ ನಿನ್ನ ವಿಷಯ, ಮೀಟರೇ. ದೇವಿ ಮಹಾತ್ಮೆ ಪ್ರಸಂಗದಲ್ಲಿ ಮಹಿಷಾಸುರ ಬರುವುದು ರಂಗಸ್ಥಳದ ಹಿಂದಿನಿಂದಲ್ಲ, ಪ್ರೇಕ್ಷಕರ ನಡುವಿನಿಂದ. ಕೋಡು ಹೊತ್ತ ವೇಷ, ಎಡಬಲಕ್ಕೆ ದೊಂದಿ, ದೊಂದಿಗೆ ಎರಚುವ ರಾಳದ ಪುಡಿ. ಪುಡಿ ಬಿದ್ದ ಕ್ಷಣ ಬೆಂಕಿ ಆಳೆತ್ತರ ಏಳುತ್ತದೆ, ಮರುಕ್ಷಣ ಕತ್ತಲೆ. ಬೆಂಕಿ ಎದ್ದಾಗ ನೀನು ಬೆಳಕು ತಗ್ಗಿಸುತ್ತೀಯ, ಜ್ವಾಲೆ ಚೆನ್ನಾಗಿ ಬಂದು ಅಸುರ ಮಾಯವಾಗುತ್ತಾನೆ. ಕತ್ತಲಾದಾಗ ಏರಿಸುತ್ತೀಯ, ಶಟರ್ ನಿಧಾನವಾಗಿ ವೇಷ ಬರಿಯ ಗೀಟಾಗುತ್ತದೆ. ನಿನ್ನ ಎರಡೂ ಲೆಕ್ಕ ಸರಿ, ಎರಡೂ ಚಿತ್ರ ವ್ಯರ್ಥ. ಇಲ್ಲಿ ಸ್ಪಾಟೂ ಸಾಲದು, ಮ್ಯಾಟ್ರಿಕ್ಸೂ ಸಾಲದು. ದೊಂದಿಯ ಬೆಳಕಿನಲ್ಲಿ ನಿಂತ ಯಾರದಾದರೂ ಮುಖ ಅಳೆದು ಮ್ಯಾನ್ಯುವಲ್‌ನಲ್ಲಿ ಮೊಳೆ ಹೊಡೆದಂತೆ ಕೂರಿಸಬೇಕು. ನಾನು 1/250 ಸೆಕೆಂಡ್, ಎಫ್2.8, ಐಎಸ್‌ಒ 3200ರಿಂದ ಶುರುಮಾಡಿ ಅಲ್ಲಿಂದ ಆಚೀಚೆ ಹೋಗುತ್ತೇನೆ. ಜ್ವಾಲೆಯ ನಡುಭಾಗ ಬಿಳಿಯಾಗಿ ಸುಟ್ಟುಹೋಗುತ್ತದೆ. ಬೆಂಕಿಯಲ್ಲವೇ, ಸುಡಲಿ.

ಅಸುರ ರಂಗಸ್ಥಳಕ್ಕೆ ಏರಿದ ಮೇಲೆ ಸ್ಥಿತಿ ಬೇರೆ. ಮುಂದೆ ಹರಿತವಾದ ವಿದ್ಯುತ್ ದೀಪ, ಹಿಂದೆ ರಾತ್ರಿಯ ಕಪ್ಪು. ನಿನ್ನ ಹೊಸ ಮೋಡ್ ಹೈಲೈಟ್ ವೆಯ್ಟೆಡ್ ಇದಕ್ಕೆಂದೇ ಮಾಡಿದಂತಿದೆ. 2014ರ ನಿಕಾನ್ ಡಿ810ರಲ್ಲಿ ಅದು ಬಂತು. ಚೌಕಟ್ಟಿನ ಅತಿ ಬೆಳ್ಳಗಿನ ಜಾಗ ಸುಟ್ಟುಹೋಗದಂತೆ ನೋಡಿಕೊಳ್ಳುವುದೇ ಅದರ ಕೆಲಸ. ಚುಟ್ಟಿಯ ಒಂದೊಂದು ಮುಳ್ಳೂ ಉಳಿಯುತ್ತದೆ. ದೀಪಗಳು ಅಗ್ಗದ ಎಲ್‌ಇಡಿಯಾದರೆ ಇನ್ನೊಂದು ಕಾಟ: ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು, ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಸಾಲಾಗಿ ತೆಗೆದ ಚಿತ್ರಗಳು ಒಂದು ಬೆಳಗಿ ಇನ್ನೊಂದು ಮಂಕಾಗಿ ಬಂದರೆ ಅದು ನಿನ್ನ ತಪ್ಪಲ್ಲ. ಮೆನುವಿನಲ್ಲಿ ಆಂಟಿ ಫ್ಲಿಕರ್ ಇದ್ದರೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಶಟರ್ 1/100ಕ್ಕೆ ಇಳಿಯಬೇಕು. ಧೀಂಗಿಣ ಹಾಕುವ ವೇಷಕ್ಕೆ 1/100 ಸಾಲದು ಎಂಬುದೂ ಗೊತ್ತಿರಬೇಕು.

ಸಂಡೂರಿನ ಎಂ.ವೈ. ಘೋರ್ಪಡೆಯವರ ವನ್ಯಜೀವಿ ಚಿತ್ರಗಳ ಪುಸ್ತಕ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಹೊರಬಂದದ್ದು 1983ರಲ್ಲಿ. ನಿನಗೆ 5 ಭಾಗ ಮಾಡಿ ನೋಡುವ ವಿದ್ಯೆ ಬಂದದ್ದೂ ಅದೇ ವರ್ಷ. ಆಟೋಫೋಕಸ್ಸನ್ನು ಬಾಡಿಯೊಳಗೇ ಇಟ್ಟು ಬಂದ ಮಿನೋಲ್ಟಾ 7000 ಆಮೇಲೆ ಎರಡು ವರ್ಷಕ್ಕೆ, 1985ರಲ್ಲಿ. ಹಾಗೆಂದ ಮೇಲೆ ಆ ಪುಸ್ತಕದ ಕಪ್ಪು ಬಿಳುಪಿನ ಆನೆಗಳ ಮೈಯಲ್ಲಿ ಕಾಣುವ ಬೂದಿನ ಒಂದೊಂದು ಮೆಟ್ಟಿಲನ್ನೂ ಕ್ಯಾಮೆರಾ ಹಿಡಿದವರೇ ತೀರ್ಮಾನಿಸಿದ್ದು. ಹಿಂದಿನ ಕಾಲ ಚೆನ್ನಾಗಿತ್ತು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಇವತ್ತಿನ ನಿನ್ನಂಥ ಜಾಣ ಸಹಾಯಕ ಅವರಿಗಿದ್ದಿದ್ದರೆ ಸಂತೋಷವೇ ಪಡುತ್ತಿದ್ದರೇನೋ. ಯಾವುದು ಎಷ್ಟು ಕಪ್ಪಾಗಿರಬೇಕು ಎಂಬ ತೀರ್ಮಾನ ಮಾತ್ರ ಆವತ್ತೂ ಇವತ್ತೂ ಮನುಷ್ಯರದ್ದೇ. ಅದನ್ನು ನಿನ್ನ ತಲೆಗೆ ಕಟ್ಟಿ ನಾವು ಕೈತೊಳೆದುಕೊಂಡರೆ ತಪ್ಪು ನಮ್ಮದು.

ನಿನ್ನನ್ನು ಮಾಡುವವರಿಗೆ ಒಂದು ಮಾತು ತಲುಪಿಸು. ಮುಖ ಗುರುತಿಸಲು ನಿನಗೆ ಕಲಿಸಿದ್ದಾಯಿತು. ಆ ಮುಖವನ್ನು ಎಷ್ಟು ಗಾಢವಾಗಿ ಇಡಬೇಕೆಂದು ನಮ್ಮಿಂದ ಒಂದು ಸಲ ಕೇಳಿ ನೆನಪಿಟ್ಟುಕೊಳ್ಳುವ ಒಂದು ಗುಂಡಿ ಕೊಡಲಿ. ಕೆನ್ನೆ ತೋರಿಸಿ, ಈ ಬಣ್ಣ ಹೀಗೇ ಬರಬೇಕು ಎಂದು ಹೇಳಿದರೆ ಬಟ್ಟೆ, ಗೋಡೆ ಏನೇ ಬದಲಾದರೂ ಅದನ್ನೇ ಕಾಯುವಂತೆ ಮಾಡಲಿ. 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 6 ಫೋನಿನಲ್ಲಿ ರಿಯಲ್ ಟೋನ್ ಎಂದು ಗಾಢ ಮೈಬಣ್ಣಗಳಿಗಾಗಿಯೇ ಕೆಲಸ ಮಾಡಿ ತೋರಿಸಿತು. ಜೇಬಿನ ಫೋನು ಯೋಚಿಸಿದ್ದನ್ನು ಲಕ್ಷಗಟ್ಟಲೆ ಬೆಲೆಯ ಬಾಡಿಗಳೂ ಯೋಚಿಸಲಿ.

ಕೊನೆಯದಾಗಿ ಆಲ್ಬಮ್ ಮಾಡುವವರಿಗೆ ಮತ್ತು ಮಾಡಿಸುವವರಿಗೆ. ನಾವು ಅಂಗೈ ಚಾಚಿ, ಕೆನ್ನೆಗೆ ಸ್ಪಾಟ್ ಹಿಡಿದು, ಹೆಬ್ಬೆರಳಿನಲ್ಲಿ ಫೋಕಸ್ ಕಾದು ತಂದ ಮುಖವನ್ನು ಕಂಪ್ಯೂಟರಿನ ಮುಂದೆ ಕೂತು ಎರಡು ನಿಮಿಷದಲ್ಲಿ ಬೆಳ್ಳಗೆ ಮಾಡಿಬಿಡುತ್ತಾರೆ. ಗಿರಾಕಿ ಕೇಳುತ್ತಾರೆ, ಅದಕ್ಕೆ ಮಾಡುತ್ತೇವೆ ಎನ್ನುತ್ತಾರೆ. ಕೆಲವು ಕಡೆ ಗಿರಾಕಿ ಕೇಳದಿದ್ದರೂ ಮಾಡುತ್ತಾರೆ. ಮುಖಕ್ಕೆ ಬ್ರಷ್ ಆಡಿಸುವ ಅವಸರದಲ್ಲಿ ಕೈ ಮರೆತುಹೋಗಿರುತ್ತದೆ: ಧಾರೆಯ ಚಿತ್ರದಲ್ಲಿ ತಂದೆಯ ಮುಖ ಯಾರದೋ ಬಣ್ಣ, ಮಗಳ ಕೈ ಹಿಡಿದ ಕೈ ಅವನದೇ ಬಣ್ಣ. ಮನೆಯವರು ಪ್ರೂಫ್ ಬಂದ ದಿನ ಮೊದಲು ಇಷ್ಟನ್ನು ನೋಡಲಿ. ಮುಖಕ್ಕೂ ಕೈಗೂ ಹೊಂದದಿದ್ದರೆ, ಮುಖವನ್ನು ಕೈಯ ಬಣ್ಣಕ್ಕೆ ತನ್ನಿ ಎಂದು ಬರೆದು ವಾಪಸು ಕಳಿಸಲಿ.

ಇತಿ,
ನಿನ್ನನ್ನು ದಿನವೂ ಬಳಸುವ ಒಬ್ಬ ಛಾಯಾಗ್ರಾಹಕ